ಚೀಟಿಯಲ್ಲಿ ಬರೆದಿದ್ದ ಗೇಟು

ಬೋರ್ಡಿಂಗ್ ಪಾಸ್ ಎಂಬ ಆ ಸಣ್ಣ ಕಾಗದದ ಮೇಲೆ ಎಷ್ಟೊಂದು ಅಂಕಿಗಳಿರುತ್ತವೆ ಎಂಬುದು ಅದನ್ನು ಮೊದಲ ಸಲ ಕೈಯಲ್ಲಿ ಹಿಡಿದವರಿಗೇ ಗೊತ್ತು. ವಿಮಾನದ ಸಂಖ್ಯೆ, ಸೀಟಿನ ಸಂಖ್ಯೆ, ಗೇಟಿನ ಸಂಖ್ಯೆ, ಹತ್ತುವ ಸಮಯ, ಹೊರಡುವ ಸಮಯ, ಸಾಲಿನಲ್ಲಿ ಎಷ್ಟನೆಯವರಾಗಿ ಚೆಕ್-ಇನ್ ಆದಿರಿ ಎಂಬ ಕ್ರಮಸಂಖ್ಯೆ, ಈಚೀಚೆಗೆ ಯಾವ ಗುಂಪಿನ ಜೊತೆ ಹತ್ತಬೇಕೆಂಬ ಇನ್ನೊಂದು ಅಂಕಿ. ವಿಮಾನಯಾನ ಸಂಸ್ಥೆಯೊಂದರ ಕೌಂಟರಿನಲ್ಲಿ ಕೂತು ಈ ಕಾಗದವನ್ನು ಬೆಳಗಿನಿಂದ ಸಂಜೆಯವರೆಗೂ ಜನರ ಕೈಗೆ ಕೊಡುವುದು ಬಹಳ ಕಾಲ ನನ್ನ ಕೆಲಸವಾಗಿತ್ತು. ಹದಿನಾಲ್ಕನೇ ಸಾಲಿನ ಸೀಟು ಸಿಕ್ಕವರು ಹದಿನಾಲ್ಕನೇ ಗೇಟನ್ನು ಹುಡುಕಿಕೊಂಡು ಹೋಗಿ ಅಲ್ಲೇ ನೆಮ್ಮದಿಯಾಗಿ ಕೂತಿದ್ದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ. ಕಾಗದದಲ್ಲಿ ದಪ್ಪಗೆ ಅಚ್ಚಾಗಿದ್ದದ್ದು ಆ ಅಂಕಿಯೇ.

ನಾನು ಕೆಲಸಕ್ಕೆ ಸೇರಿದ್ದು 1990ರ ದಶಕದ ಕೊನೆಯಲ್ಲಿ, ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ. ಹಳೇ ಏರ್‌ಪೋರ್ಟ್ ರಸ್ತೆ ಎಂದು ಈಗ ಕರೆಯುವ ರಸ್ತೆಗೆ ಆಗ ‘ಹಳೇ’ ಎಂಬುದು ಸೇರಿರಲಿಲ್ಲ. ಚಿಕ್ಕ ಕಟ್ಟಡ, ವಿಪರೀತ ಜನ. ಗೇಟುಗಳು ಕೆಲವೇ, ಅವೂ ಒಂದರ ಪಕ್ಕ ಒಂದು. ಎಷ್ಟೋ ಸಲ ಗೇಟಿನ ನಂಬರನ್ನು ನಾವು ಪೆನ್ನಿನಲ್ಲಿ ಬರೆದು ಕೊಡುತ್ತಿದ್ದೆವು. ಬದಲಾದರೆ ನಮ್ಮಲ್ಲೇ ಒಬ್ಬರು ಕುರ್ಚಿಗಳ ನಡುವೆ ನಿಂತು ಗಟ್ಟಿಯಾಗಿ ಕೂಗುತ್ತಿದ್ದೆವು: “ಮಂಗಳೂರಿಗೆ ಹೋಗೋರು ಈ ಕಡೆ ಬನ್ನಿ, ಮಂಗಳೂರು!” ಕೂಗಿದ ಕೂಡಲೇ ನಲವತ್ತು-ಐವತ್ತು ಜನ ಒಟ್ಟಿಗೆ ಎದ್ದು ಬರುತ್ತಿದ್ದರು. ಆ ಕಟ್ಟಡದಲ್ಲಿ ಸೆಖೆ, ನೂಕುನುಗ್ಗಲು, ಶೌಚಾಲಯಕ್ಕೂ ಸಾಲು. ಅದನ್ನು ಹೊಗಳಲು ನನಗೆ ಮನಸ್ಸಿಲ್ಲ. ಆದರೆ ಅಲ್ಲಿ ಸುದ್ದಿ ತಲುಪುತ್ತಿತ್ತು.

2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಕಡಿಮೆ ದರದ ಏರ್ ಡೆಕ್ಕನ್ ಶುರುವಾದ ಮೇಲೆ ನಿಲ್ದಾಣಕ್ಕೆ ಬರುವವರ ಮುಖಗಳೇ ಬದಲಾದವು. ನಾನು ಅಲ್ಲಿ ಕೆಲಸ ಮಾಡುತ್ತಿರಲಿಲ್ಲ. ಆದರೆ ಅದರ ನಂತರ ಎಲ್ಲ ಸಂಸ್ಥೆಗಳ ಕೌಂಟರಿಗೂ ಹೊಸ ಜನ ಬಂದರು. ಅಡಿಕೆ ಮಂಡಿಯವರು, ಶಾಲೆಯ ಮೇಷ್ಟ್ರು, ಮಗನ ಮನೆಗೆ ಹೊರಟ ಮುದುಕರು, ಕೆಲಸಕ್ಕೆ ಕೊಲ್ಲಿಗೆ ಹೊರಟ ಹುಡುಗರು. ಬಸ್‌ಸ್ಟ್ಯಾಂಡಿನಲ್ಲಿ ಪ್ಲಾಟ್‌ಫಾರಂ ಕೇಳುವ ಹಾಗೆಯೇ ಅವರು ಗೇಟನ್ನೂ ಕೇಳುತ್ತಿದ್ದರು, ಕೇಳಿದ್ದನ್ನು ಪಕ್ಕದವರಲ್ಲಿ ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಳ್ಳುತ್ತಿದ್ದರು. ನನಗೆ ಆ ಪ್ರಶ್ನೆಗಳಿಂದ ಬೇಸರವಾದದ್ದಿಲ್ಲ. ಕೇಳುವವರಿಗೆ ವಿಮಾನ ತಪ್ಪುವುದು ಅಪರೂಪ. ತಪ್ಪುತ್ತಿದ್ದದ್ದು ಕಾಗದವನ್ನು ನಂಬಿ ಸುಮ್ಮನೆ ಕೂತವರಿಗೆ.

ಗೇಟು ಯಾಕೆ ಬದಲಾಗುತ್ತದೆ ಎಂದು ಜನ ಸಿಟ್ಟಾಗಿ ಕೇಳುವುದುಂಟು. ಅದಕ್ಕೆ ಉತ್ತರ ಇದೆ, ಆದರೆ ಅದನ್ನು ಯಾರೂ ಅವರಿಗೆ ಹೇಳುವುದಿಲ್ಲ. ಗೇಟು ಎಂದರೆ ಬಾಗಿಲು ಮಾತ್ರ. ನಿಜವಾಗಿ ಹಂಚಿಕೆಯಾಗುವುದು ಹೊರಗೆ ವಿಮಾನ ನಿಲ್ಲುವ ಜಾಗ, ನಾವು ಬೇ ಎನ್ನುತ್ತೇವೆ. ಆ ಜಾಗಕ್ಕೆ ಅಳತೆ ಇದೆ. ದೇಶದೊಳಗೆ ಹೆಚ್ಚಾಗಿ ಹಾರುವ ಏರ್‌ಬಸ್ 320, ಬೋಯಿಂಗ್ 737ಗಳ ರೆಕ್ಕೆಯ ಅಗಲ 36 ಮೀಟರಿನ ಒಳಗೆ. ದೂರದ ದೇಶಗಳಿಗೆ ಹೋಗುವ ಬೋಯಿಂಗ್ 777ರ ದೊಡ್ಡ ಮಾದರಿಗಳದ್ದು 65 ಮೀಟರಿನ ಹತ್ತಿರ. ಹುಬ್ಬಳ್ಳಿಯಂಥ ಊರಿಗೆ ಹೋಗುವ ಎಟಿಆರ್ ವಿಮಾನಕ್ಕೆ ಸಾಮಾನ್ಯವಾಗಿ ಏರೋಬ್ರಿಜ್, ಅಂದರೆ ಕಟ್ಟಡದಿಂದ ವಿಮಾನಕ್ಕೆ ಚಾಚುವ ಸೇತುವೆ, ಸೇರಿಸುವುದೇ ಇಲ್ಲ. ನೆಲಮಹಡಿಯ ಗೇಟಿನಿಂದ ಬಸ್ಸಿನಲ್ಲೋ ನಡೆದೋ ಹೋಗಿ ಅದರದೇ ಮೆಟ್ಟಿಲು ಹತ್ತಬೇಕು. ಈಗ ಚೆನ್ನೈನಿಂದ ಬರಬೇಕಾದ ವಿಮಾನ ನಲವತ್ತು ನಿಮಿಷ ತಡವಾಯಿತು ಎನ್ನಿ. ಅದಕ್ಕೆಂದು ಕಾದಿರಿಸಿದ ಜಾಗಕ್ಕೆ ಆಗಲೇ ಇನ್ನೊಂದು ವಿಮಾನ ಬಂದಿರುತ್ತದೆ. ತಡವಾಗಿ ಬಂದದ್ದನ್ನು ಬೇರೆ ಕಡೆ ನಿಲ್ಲಿಸುತ್ತಾರೆ, ಅದೇ ವಿಮಾನದಲ್ಲಿ ಮುಂದಿನ ಊರಿಗೆ ಹೋಗಬೇಕಾದವರ ಗೇಟೂ ಅದರ ಹಿಂದೆ ಹೋಗುತ್ತದೆ. ಹಂಚಿಕೆ ಮಾಡುವವರು ಕಂಪ್ಯೂಟರಿನಲ್ಲಿ ಬದಲಿಸಿದ ಕ್ಷಣದಲ್ಲಿ ಪರದೆಗಳೂ ಬದಲಾಗುತ್ತವೆ, ನಮ್ಮ ವಾಕಿಟಾಕಿಗಳಿಗೂ ಸುದ್ದಿ ಬರುತ್ತದೆ. ಬದಲಾಗದೆ ಉಳಿಯುವುದು ಪ್ರಯಾಣಿಕರ ಕೈಯಲ್ಲಿರುವ ಕಾಗದ ಒಂದೇ. ಎರಡು ಗಂಟೆ ಮೊದಲು ನಾನು ನಗುತ್ತಾ ಕೊಟ್ಟ ಕಾಗದ.

2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣ ಶುರುವಾಯಿತು. ಮಧ್ಯರಾತ್ರಿ ಎಚ್‌ಎಎಲ್‌ನಲ್ಲಿ ಪ್ರಯಾಣಿಕ ವಿಮಾನಗಳ ಓಡಾಟ ನಿಂತಿತು. ಆ ವಾರ ನಮ್ಮ ಫೋನುಗಳಿಗೆ ಪುರುಸೊತ್ತಿರಲಿಲ್ಲ. ಹಳೆಯ ನಿಲ್ದಾಣದ ಮುಂದೆ ಆಟೋದಿಂದ ಇಳಿದು “ಇಲ್ಲಿ ಯಾರೂ ಇಲ್ವಲ್ಲಾ ಮೇಡಂ” ಎನ್ನುವವರ ಕರೆಗಳು. ಅಲ್ಲಿಂದ ದೇವನಹಳ್ಳಿಗೆ 35 ಕಿಲೋಮೀಟರಿಗೂ ಹೆಚ್ಚು. ಹೊಸ ಕಟ್ಟಡ ಎತ್ತರ, ಬೆಳಕು, ತಂಪು. ಅಲ್ಲಿ ನಿಂತು ಕೂಗುವುದು ಸಾಧ್ಯವಿರಲಿಲ್ಲ, ಕೂಗಿದರೂ ಕೇಳುತ್ತಿರಲಿಲ್ಲ. ಒಂದು ತುದಿಯ ಗೇಟಿನಿಂದ ಇನ್ನೊಂದು ತುದಿಗೆ ಮೊಣಕಾಲು ನೋವಿರುವವರು ನಡೆಯಲು ಎಷ್ಟು ಹೊತ್ತು ಬೇಕೆಂದು ನಾನು ಹೊಸ ಹುಡುಗ-ಹುಡುಗಿಯರಿಗೆ ಅಂಥವರ ಜೊತೆಯೇ ನಡೆಸಿ ತೋರಿಸುತ್ತಿದ್ದೆ. ವಿಮಾನ ಹೊರಡುವ 20-25 ನಿಮಿಷ ಮೊದಲು ಗೇಟು ಮುಚ್ಚುವ ರೂಢಿ. ಹೊರಡುವ ಹೊತ್ತಿಗೆ ಅರ್ಧ ಗಂಟೆ ಇರುವಾಗ ಗೇಟು ಬದಲಾದರೆ ಮುದುಕರ ಪಾಲಿಗೆ ಉಳಿಯುವ ಸಮಯ ಎಷ್ಟು ಎಂದು ಲೆಕ್ಕ ಹಾಕಿದವರಿಗೆ ಮೈ ಬೆವರಬೇಕು.

ಒಂದು ರಾತ್ರಿಯ ಮಾತನ್ನು ಹೇಳಲೇಬೇಕು. ಮಸ್ಕತ್ತಿಗೆ ಹೋಗುವ ವಿಮಾನ. ಬರುವುದು ತಡವಾಗಿ, ಗೇಟು ಬದಲಾಗಿತ್ತು. ಎಲ್ಲರೂ ಹತ್ತಿದರು, ಒಬ್ಬ ಮಾತ್ರ ಇಲ್ಲ. ಧ್ವನಿವರ್ಧಕದಲ್ಲಿ ಅವನ ಹೆಸರು ಹಲವು ಸಲ ಕೂಗಿಯಾಗಿತ್ತು, ಕನ್ನಡದಲ್ಲೂ. ಬಾರದಿದ್ದರೆ ಅವನ ಚೀಲವನ್ನು ವಿಮಾನದ ಹೊಟ್ಟೆಯಿಂದ ಹುಡುಕಿ ಇಳಿಸಬೇಕು. ಅದು ಪ್ರಯಾಣಿಕರಿಗೆ ತೊಂದರೆ ಕೊಡಲೆಂದು ಮಾಡಿದ ನಿಯಮವಲ್ಲ. 1985ರ ಜೂನ್ 23ರಂದು ಏರ್ ಇಂಡಿಯಾದ ‘ಕನಿಷ್ಕ’ ವಿಮಾನ ಐರ್ಲೆಂಡಿನ ಬಳಿ ಸಮುದ್ರದ ಮೇಲೆ ಸ್ಫೋಟಗೊಂಡು 329 ಜನ ಸತ್ತರು. ಆ ಬಾಂಬು ವ್ಯಾಂಕೂವರಿನಲ್ಲಿ ಚೆಕ್-ಇನ್ ಆದ ಚೀಲವೊಂದರಲ್ಲಿತ್ತು, ಚೀಲದ ಯಜಮಾನ ವಿಮಾನ ಹತ್ತಿರಲೇ ಇಲ್ಲ. ಅಂದಿನಿಂದ ಜನ ಇಲ್ಲದೆ ಚೀಲ ಹೋಗಬಾರದು ಎಂಬ ನಿಯಮ ಬಿಗಿಯಾಗುತ್ತಾ ಬಂದಿದೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಪ್ರಯಾಣಿಕರು ಟಾರ್ಮ್ಯಾಕಿನಲ್ಲಿ ತಮ್ಮ ತಮ್ಮ ಚೀಲವನ್ನು ಬೆರಳು ತೋರಿಸಿ ಗುರುತಿಸಿದ ಮೇಲೆಯೇ ಅದನ್ನು ಒಳಗೆ ಹಾಕುವ ಪದ್ಧತಿಯೂ ಇತ್ತು.

ಚೀಲ ಹುಡುಕಲು ಶುರು ಮಾಡಿ ಎಂಬ ಆದೇಶ ಬರುವ ಮೊದಲು ನನಗೆ ಹಳೆಯ ಗೇಟಿನ ನೆನಪಾಗಿ ಅತ್ತ ಓಡಿದೆ. ಅವನು ಅಲ್ಲೇ ಕೂತಿದ್ದ. ಎದುರಿನ ಕಂಬದ ಮೇಲೆ ಇದ್ದ ಗೇಟಿನ ನಂಬರನ್ನೂ ಕೈಯಲ್ಲಿನ ಕಾಗದವನ್ನೂ ಸೇರಿಸಿ ನೋಡಿಕೊಳ್ಳುತ್ತಾ, ಬೆನ್ನು ನೆಟ್ಟಗೆ ಮಾಡಿಕೊಂಡು. ವಯಸ್ಸು ಇಪ್ಪತ್ತೆರಡೋ ಇಪ್ಪತ್ತಮೂರೋ. ಸಿಂದಗಿ ಕಡೆಯವನು, ಕಟ್ಟಡದ ಕೆಲಸಕ್ಕೆ ಹೊರಟವನು.

“ಎಷ್ಟು ಸಲ ನಿಮ್ಮ ಹೆಸರು ಕೂಗಿದ್ವಿ, ಕೇಳಿಸಲಿಲ್ವಾ?” ಅಂದೆ, ಅವನ ಕೈಚೀಲ ಎತ್ತಿಕೊಳ್ಳುತ್ತಾ.

“ಕೇಳಿಸಿತ್ರಿ ಯಕ್ಕಾ. ಅದು ನಮ್ಮಪ್ಪನ ಹೆಸರ್ರಿ. ಅಂವ ತೀರಿಕೊಂಡು ಭಾಳ ವರ್ಷ ಆತು. ನಮ್ಮಪ್ಪನ ಹೆಸರಿನಾಂವ ಇನ್ನೊಬ್ಬ ಯಾರೋ ಇರಬೇಕು ಅಂದ್ಕೊಂಡೆ. ನನ್ನ ಯಾರೂ ಕರೀಲೇ ಇಲ್ಲಲ್ರಿ.”

ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಎಂಬ ಜಾಗ ಖಾಲಿ ಬಿಡಬಾರದೆಂದು ಏಜೆಂಟರು ತಂದೆಯ ಹೆಸರನ್ನು ಅಲ್ಲಿ ತುಂಬಿಸುತ್ತಾರೆ. ನಮ್ಮ ಹಳ್ಳಿಗಳ ಎಷ್ಟೋ ಜನರಿಗೆ ಮನೆತನದ ಹೆಸರು ದಾಖಲೆಗಳಲ್ಲಿ ಇರುವುದಿಲ್ಲ. ಘೋಷಣೆ ಮಾಡುವವರು ಆ ಜಾಗದ ಹೆಸರನ್ನು ಮುಂದೆ ‘ಮಿಸ್ಟರ್’ ಸೇರಿಸಿ ಕೂಗುತ್ತಾರೆ. ಹೀಗೆ ನಮ್ಮ ಹುಡುಗರು ಊರು ಬಿಡುವ ಹೊತ್ತಿನಲ್ಲಿ ಅವರ ಹೆಸರಿಗೆ ಬದಲಾಗಿ ಅಪ್ಪಂದಿರ ಹೆಸರುಗಳು ನಿಲ್ದಾಣದ ತುಂಬ ಕೇಳಿಸುತ್ತವೆ. ಅವನು ಆ ದಿನ ವಿಮಾನ ಹತ್ತಿದ. ಹತ್ತದಿದ್ದರೆ ಏನಾಗುತ್ತಿತ್ತೆಂದು ನನಗೆ ಚೆನ್ನಾಗಿ ಗೊತ್ತು: ಪಾಸ್‌ಪೋರ್ಟಿಗೆ ಒತ್ತಿದ್ದ ನಿರ್ಗಮನದ ಮುದ್ರೆಯನ್ನು ರದ್ದು ಮಾಡಿಸಿ ಹೊರಗೆ ಕರೆತರಬೇಕು, ಟಿಕೆಟಿನ ಹಣ ಬಹುಪಾಲು ಹೋದಂತೆಯೇ, ಅಲ್ಲಿ ಕರೆದುಕೊಳ್ಳಲು ಬಂದವನು ಕಾದು ವಾಪಸಾಗುತ್ತಾನೆ, ಊರಿನಲ್ಲಿ ಸಾಲ ಹಾಗೇ ಇರುತ್ತದೆ. ಅಂದಿನಿಂದ ನಾನು ಹೆಸರು ಕೂಗುವಾಗ ಪಾಸ್‌ಪೋರ್ಟಿನ ಎರಡೂ ಜಾಗದ ಹೆಸರನ್ನು ಕೂಗುತ್ತಿದ್ದೆ, ಜೊತೆಗೆ ಹೋಗುವ ಊರನ್ನು. ಉಳಿದವರಿಗೂ ಹಾಗೆಯೇ ಹೇಳಿಕೊಟ್ಟೆ.

ಗೇಟಿಗಿಂತ ಹೆಚ್ಚು ಜನರನ್ನು ದಾರಿ ತಪ್ಪಿಸುವುದು ತಾರೀಖು. ನಮ್ಮಿಂದ ಕೊಲ್ಲಿಗೂ ಯುರೋಪಿಗೂ ಹೋಗುವ ವಿಮಾನಗಳಲ್ಲಿ ಬಹಳಷ್ಟು ಮಧ್ಯರಾತ್ರಿ ದಾಟಿದ ಮೇಲೆ ಹೊರಡುತ್ತವೆ. ಅಲ್ಲಿ ಬೆಳಗ್ಗೆ ಇಳಿದರೆ ಮುಂದಿನ ವಿಮಾನಗಳು ಸಿಗುತ್ತವೆ. ಫ್ರಾಂಕ್‌ಫರ್ಟಿನಲ್ಲಂತೂ 2011ರಿಂದ ರಾತ್ರಿ 11ರಿಂದ ಬೆಳಗಿನ 5ರವರೆಗೆ ವಿಮಾನಗಳ ಓಡಾಟಕ್ಕೆ ನಿರ್ಬಂಧವಿದೆ. ಹಾಗಾಗಿ ಟಿಕೆಟಿನಲ್ಲಿ ‘ಶುಕ್ರವಾರ 00:40’ ಎಂದಿರುತ್ತದೆ. ಜನ ಶುಕ್ರವಾರ ರಾತ್ರಿ ಹತ್ತು ಗಂಟೆಗೆ ಬಂದು ನಿಲ್ಲುತ್ತಾರೆ, ವಿಮಾನ ಹೋಗಿ ಹೆಚ್ಚೂಕಮ್ಮಿ ಒಂದು ದಿನವಾಗಿರುತ್ತದೆ.

ತಿಪಟೂರಿನ ಕಡೆಯ ದಂಪತಿ ಒಮ್ಮೆ ಹೀಗೆ ಬಂದರು. ಸಿಂಗಪುರದಲ್ಲಿದ್ದ ಮಗಳ ಮನೆಗೆ ಹೊರಟವರು, ಕೊಬ್ಬರಿ ಮಿಠಾಯಿಯ ಡಬ್ಬಿ ಸಮೇತ. ಬಿಡಲು ಒಂದು ಟೆಂಪೊ ತುಂಬ ನೆಂಟರು. ನಾನು ವಿಷಯ ಹೇಳಿದಾಗ ಆ ಯಜಮಾನರು ಸಿಟ್ಟಾಗಲಿಲ್ಲ. ತುಂಬ ಶಾಂತವಾಗಿ, “ಅದು ಗುರುವಾರ ರಾತ್ರಿ ಅಲ್ವೇನಮ್ಮಾ? ಇನ್ನೂ ಹೊತ್ತು ಹುಟ್ಟೇ ಇರಲಿಲ್ಲವಲ್ಲ, ಶುಕ್ರವಾರ ಹೇಗಾಯ್ತು?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ, ಯಾಕೆಂದರೆ ಅವರು ಹೇಳಿದ್ದು ಸರಿಯಾಗಿತ್ತು. ಪಂಚಾಂಗ ಇಟ್ಟುಕೊಂಡು ಬದುಕುವವರಿಗೆ ವಾರ ಬದಲಾಗುವುದು ಸೂರ್ಯೋದಯಕ್ಕೆ. ಗುರುವಾರ ರಾತ್ರಿ ಎರಡು ಗಂಟೆಗೆ ಹುಟ್ಟಿದ ಮಗುವಿನ ಜಾತಕದಲ್ಲಿ ಗುರುವಾರವೇ ಇರುತ್ತದೆ. ಸೊನ್ನೆ ಸೊನ್ನೆ ನಲವತ್ತು ಎಂಬ ಹೊತ್ತು ಯಾವ ಮನೆಯಲ್ಲೂ ಯಾರ ಬಾಯಲ್ಲೂ ಬರುವುದಿಲ್ಲ. ಹೀಗೆ ಬರೆಯುವುದು ವಿಮಾನ ನಡೆಸುವವರಿಗೆ ಅಗತ್ಯ, ಅದನ್ನು ಒಪ್ಪುತ್ತೇನೆ. ಆದರೆ ಅದರ ಪಕ್ಕದಲ್ಲಿ ‘ಗುರುವಾರ ರಾತ್ರಿ 9 ಗಂಟೆಗೆ ನಿಲ್ದಾಣದಲ್ಲಿರಿ’ ಎಂಬ ಒಂದು ಸಾಲು ಹಾಕಿದರೆ ಎಷ್ಟು ಮನೆಗಳ ಕಣ್ಣೀರು ಉಳಿಯುತ್ತಿತ್ತು! ಆ ದಂಪತಿ ಹೊಸ ಟಿಕೆಟ್ ಕೊಳ್ಳಬೇಕಾಯಿತು. ಮಿಠಾಯಿಯನ್ನು ನೆಂಟರ ಮಕ್ಕಳಿಗೆ ಹಂಚಿ ಹೋದರು.

ಕೆಲಸ ಬಿಟ್ಟ ಮೇಲೂ ಇದು ನನ್ನನ್ನು ಬಿಡಲಿಲ್ಲ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಡುವ ತಾಯಂದಿರು ಬೀದಿಯಲ್ಲಿ, ನೆಂಟರಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ಒಂಟಿಯಾಗಿ ಹೊರಡುತ್ತಾರೆ, ನಡುವೆ ವಿಮಾನ ಬದಲಿಸಬೇಕು. ಅವರಿಗೆಲ್ಲ ನಾನು ಕನ್ನಡದಲ್ಲಿ ಚೀಟಿ ಬರೆದುಕೊಡುತ್ತೇನೆ. ಮೊದಲ ಸಾಲು ಯಾವಾಗಲೂ ಒಂದೇ: ಕೈಯಲ್ಲಿರುವ ಕಾಗದದ ಗೇಟನ್ನು ನಂಬಬೇಡಿ, ಇಳಿದ ಕೂಡಲೇ ಪರದೆ ನೋಡಿ, ಗೇಟಿನ ಮುಂದೆ ಕೂತ ಮೇಲೂ ಇನ್ನೊಮ್ಮೆ ನೋಡಿ.

ಪಕ್ಕದ ಬೀದಿಯ ನಿವೃತ್ತ ಟೀಚರಮ್ಮನಿಗೆ ಫ್ರಾಂಕ್‌ಫರ್ಟಿನ ಮೂಲಕ ಷಿಕಾಗೋಗೆ ಹೋಗಬೇಕಿತ್ತು. ಆ ನಿಲ್ದಾಣದಲ್ಲಿ ಎ ಗೇಟುಗಳ ಮೇಲ್ಮಹಡಿಯಲ್ಲೇ ಝಡ್ ಗೇಟುಗಳಿವೆ, ನಂಬರುಗಳೂ ಅವೇ. ಕೆಳಗಿನದು ಪಾಸ್‌ಪೋರ್ಟ್ ತಪಾಸಣೆಯಿಲ್ಲದೆ ಓಡಾಡಬಹುದಾದ ಷೆಂಗೆನ್ ದೇಶಗಳಿಗೆ, ಮೇಲಿನದು ಅಮೆರಿಕದಂಥ ಹೊರಗಿನ ದೇಶಗಳಿಗೆ. ಅಕ್ಷರ ಬಿಟ್ಟು ಅಂಕಿ ಹುಡುಕಿದವರು ತಪ್ಪು ಮಹಡಿಯಲ್ಲಿರುತ್ತಾರೆ. ಅದರ ಮೇಲೆ ಇನ್ನೊಂದು ತೊಡಕು: ಒಂದೇ ವಿಮಾನವನ್ನು ಎರಡು-ಮೂರು ಸಂಸ್ಥೆಗಳು ತಮ್ಮ ತಮ್ಮ ಸಂಖ್ಯೆಯಲ್ಲಿ ಮಾರುತ್ತವೆ, ಕೋಡ್‌ಷೇರ್ ಎನ್ನುತ್ತಾರೆ. ಟಿಕೆಟಿನಲ್ಲಿ ಒಂದು ಸಂಸ್ಥೆಯ ಹೆಸರು, ವಿಮಾನದ ಮೈಮೇಲೆ ಇನ್ನೊಂದರದು, ಪರದೆಯಲ್ಲಿ ಸಂಖ್ಯೆಗಳು ಸರದಿಯಂತೆ ಬಂದು ಹೋಗುತ್ತವೆ. ಟೀಚರಮ್ಮನಿಗೆ ಎರಡೂ ಸಂಖ್ಯೆಗಳನ್ನು ಕೆಂಪು ಶಾಯಿಯಲ್ಲಿ ಬರೆದುಕೊಟ್ಟೆ. ಅವರು ಅಲ್ಲಿಂದ ಫೋನ್ ಮಾಡಿ, ತಮ್ಮ ಜೊತೆ ಬಂದಿದ್ದ ದಾವಣಗೆರೆಯ ಇಬ್ಬರು ಹೆಂಗಸರನ್ನೂ ಸರಿಯಾದ ಮಹಡಿಗೆ ಕರೆದುಕೊಂಡು ಹೋದೆ ಎಂದರು. ಆ ಚೀಟಿಯ ನಕಲು ಈಗ ಎಷ್ಟು ಮನೆಗಳಲ್ಲಿ ಓಡಾಡುತ್ತಿದೆಯೋ.

ಈಗ ದೊಡ್ಡ ನಿಲ್ದಾಣಗಳು ಒಂದೊಂದಾಗಿ ಮೌನ ನಿಲ್ದಾಣಗಳಾಗುತ್ತಿವೆ. ವಿಮಾನ ಹತ್ತಲು ಕರೆಯುವ ಸಾಮಾನ್ಯ ಘೋಷಣೆಗಳು ಬಂದ್. ಪರದೆ ನೋಡಿ, ಫೋನಿಗೆ ಬರುವ ಸಂದೇಶ ನೋಡಿ. ಸದ್ದಿಲ್ಲದ ಜಾಗದಲ್ಲಿ ಕೂತು ಪುಸ್ತಕ ಓದುವ ಸುಖ ನನಗೂ ಬೇಕು. ಇಡೀ ದಿನ ಎಡೆಬಿಡದೆ ಘೋಷಣೆ ಕೇಳುತ್ತಾ ಕೆಲಸ ಮಾಡಿದವರ ತಲೆನೋವೂ ನನಗೆ ಗೊತ್ತು. ಆದರೆ ಪರದೆ ತಾನು ಬದಲಾದೆ ಎಂದು ಹೇಳುವುದಿಲ್ಲ. ನೋಡುತ್ತಿದ್ದವರಿಗಷ್ಟೇ ಗೊತ್ತು. ಸಿಂಗಪುರದ ಚಾಂಗಿ ನಿಲ್ದಾಣದ ಎರಡನೇ ಟರ್ಮಿನಲ್ಲಿನಲ್ಲಿ ಹಳೆಯ ಕಾಲದ ಬೋರ್ಡು 2020ರವರೆಗೂ ಇತ್ತು. ಇಟಲಿಯ ಉದಿನೆ ಪಟ್ಟಣದ ಸೊಲಾರಿ ಕಂಪನಿ ಜಗತ್ತಿಗೆಲ್ಲ ಪರಿಚಯಿಸಿದ ಬಗೆಯದು. ಪ್ರತಿ ಅಕ್ಷರಕ್ಕೂ ಸಣ್ಣ ಸಣ್ಣ ಹಲಗೆಗಳ ಕಟ್ಟು. ಮಾಹಿತಿ ಬದಲಾದಾಗ ಅವು ಪಟಪಟ ಮಗುಚಿ ಬೀಳುವ ಸದ್ದಿಗೆ ನಿದ್ದೆ ತೂಗುತ್ತಿದ್ದವರೂ ತಲೆ ಎತ್ತುತ್ತಿದ್ದರು. ಅಲ್ಲಿ ವಿಮಾನ ಬದಲಿಸಲು ಕೂತಿದ್ದಾಗ ನಾನು ಬೋರ್ಡಿಗಿಂತ ಆ ಜನರನ್ನೇ ನೋಡುತ್ತಿದ್ದೆ. ಬದಲಾವಣೆಗೆ ಸದ್ದು ಇರುವುದು ಎಷ್ಟು ಒಳ್ಳೆಯದೆಂದು ಅನಿಸಿತ್ತು. ಆ ಬೋರ್ಡನ್ನು ಈಗ ತೆಗೆದಿದ್ದಾರೆ.

ಫೋನಿನ ಸಂದೇಶದ ಮಾತೂ ಅಷ್ಟೇ. ಟಿಕೆಟ್ ತೆಗೆಯುವುದು ಮಗ, ಅಳಿಯ, ಇಲ್ಲವೆ ಏಜೆಂಟ್. ‘ಗೇಟ್ ಬದಲಾಗಿದೆ’ ಎಂಬ ಸಂದೇಶ ಹೋಗುವುದು ಅವರ ಫೋನಿಗೆ. ಮಗ ಷಿಕಾಗೋದಲ್ಲಿ ಕೆಲಸದಲ್ಲಿರುತ್ತಾನೆ, ತಾಯಿ ದೇವನಹಳ್ಳಿಯಲ್ಲಿ ಕೂತಿರುತ್ತಾಳೆ.

ಬೆಂಗಳೂರಿನ ನಿಲ್ದಾಣದ ಪರದೆಗಳಲ್ಲಿ ಇಂಗ್ಲಿಷಿನ ಜೊತೆ ಕನ್ನಡ ಬರುತ್ತದೆ, ಅದು ದೊಡ್ಡ ಸಮಾಧಾನ. 2023ರ ಸೆಪ್ಟೆಂಬರ್ 12ರಿಂದ ಅಂತರರಾಷ್ಟ್ರೀಯ ವಿಮಾನಗಳೆಲ್ಲ ಎರಡನೇ ಟರ್ಮಿನಲ್ಲಿಗೆ ಹೋದ ಮೇಲೆ ಮನೆಯಿಂದ ಹೊರಡುವಾಗಲೇ ಯಾವ ಟರ್ಮಿನಲ್ ಎಂದು ಕೇಳಿಕೊಳ್ಳುವ ಅಭ್ಯಾಸ ಜನರಿಗೂ ಬಂದಿದೆ, ಟ್ಯಾಕ್ಸಿಯವರಂತೂ ಹತ್ತುವ ಮೊದಲೇ ಕೇಳುತ್ತಾರೆ. ಹೇಳಿದರೆ ಜನ ಕಲಿಯುತ್ತಾರೆ. ಹಾಗಾಗಿ ನನ್ನ ಬೇಡಿಕೆ ದೊಡ್ಡದಲ್ಲ. ಉಳಿದ ಘೋಷಣೆಗಳೆಲ್ಲ ನಿಲ್ಲಲಿ. ಗೇಟು ಬದಲಾದದ್ದನ್ನು ಮಾತ್ರ ಬಾಯಿಬಿಟ್ಟು ಹೇಳಲಿ, ಎಲ್ಲ ಕಡೆಯೂ, ಕನ್ನಡದ ನೆಲದಲ್ಲಿ ಕನ್ನಡದಲ್ಲಿ ಮೊದಲು. ಮತ್ತೊಂದು, ಹಳೆಯ ಗೇಟಿನ ಮುಂದೆ ಒಬ್ಬ ಮನುಷ್ಯ ಇರಲಿ.

ಈ ಎರಡನೆಯದಕ್ಕಾಗಿ ನಾನು ಕೆಲಸದಲ್ಲಿದ್ದಾಗ ಮೇಲಿನವರ ಜೊತೆ ಬಹಳ ವಾದ ಮಾಡಿದ್ದೇನೆ. ಜನ ಕಡಿಮೆ ಇದ್ದಾರೆ, ಒಬ್ಬರನ್ನು ಸುಮ್ಮನೆ ನಿಲ್ಲಿಸುವುದು ಹೇಗೆ ಎನ್ನುತ್ತಿದ್ದರು. ಒಂದು ಚೀಲ ಹುಡುಕಿ ಇಳಿಸಲು ಎಷ್ಟು ಜನ ಬೇಕು, ಅಷ್ಟರಲ್ಲಿ ವಿಮಾನ ತನ್ನ ಸರದಿ ಕಳೆದುಕೊಂಡರೆ ಎಷ್ಟು ಹೊತ್ತು ಕಾಯಬೇಕು ಎಂದು ಕಾಗದದ ಮೇಲೆ ಬರೆದು ತೋರಿಸಿದೆ. ಕೊನೆಗೆ ನನ್ನ ಶಿಫ್ಟಿನ ಮಟ್ಟಿಗೆ ಒಪ್ಪಿದರು. ಹೊಸದಾಗಿ ಸೇರಿದ ಹುಡುಗಿಯೊಬ್ಬಳನ್ನು ಮೊದಲ ದಿನ ಹಾಗೆ ನಿಲ್ಲಿಸಿದಾಗ, “ಬೋರ್ಡಿನಲ್ಲಿ ಬಂದಿದೆಯಲ್ಲ ಮೇಡಂ, ನಾನು ಎಷ್ಟು ಹೊತ್ತು ನಿಲ್ಲಬೇಕು?” ಎಂದಳು. “ಎಲ್ಲರೂ ಹತ್ತಿದ್ರು ಅಂತ ಆ ಗೇಟಿನಿಂದ ವಾಕಿಟಾಕಿಯಲ್ಲಿ ಹೇಳೋವರೆಗೂ” ಅಂದೆ. ಅವಳು ಕೂತಿದ್ದ ಒಬ್ಬೊಬ್ಬರ ಬಳಿಯೂ ಹೋಗಿ ಯಾವ ಊರಿಗೆ ಎಂದು ಕೇಳತೊಡಗಿದಳು. ನಾನು ಹೇಳಿರದಿದ್ದರೂ, ಎದ್ದು ನಿಲ್ಲಲು ಕಷ್ಟಪಡುತ್ತಿದ್ದ ಅಜ್ಜಿಯೊಬ್ಬರಿಗೆ ಗಾಲಿಕುರ್ಚಿ ತರಿಸಿ, ತಾನೇ ತಳ್ಳಿಕೊಂಡು ಹೊಸ ಗೇಟಿನ ಕಡೆ ಹೊರಟಳು.